ಅಡಿಯಿಂದ ಬರುವ ಚಳಿ

ಪಾಣೆಮಂಗಳೂರಿನಲ್ಲಿ ಸ್ವಂತ ಮನೆಯಿದ್ದೂ, ಮನೆಯ ಜಗಲಿಯಲ್ಲಿ ಮಂಚವಿದ್ದೂ, ಮಂಚದ ಮೇಲೆ ಹಾಸಿಗೆಯಿದ್ದೂ ಮರಕ್ಕೆ ನೇತುಬಿದ್ದು ಮಲಗುತ್ತಿದ್ದ ಏಕೈಕ ಮನುಷ್ಯ ನನ್ನ ಸೋದರಮಾವ. ಹುಚ್ಚು ಅಂತೀರಾ? ಅನ್ನಿ, ಊರೇ ಅಂದಿದೆ! ಆದರೆ ಆ ಹುಚ್ಚಿಗೊಂದು ಕಾರಣವಿತ್ತು. ಕಾರಣ ನಮ್ಮ ಅತ್ತೆ, ಅವರ ಹೆಂಡತಿ.

ನಮ್ಮದು ಅಳಿಯಕಟ್ಟಿನ ಮನೆ. ಹೆಣ್ಣುಮಕ್ಕಳು, ಅವರ ಮಕ್ಕಳು, ಎಲ್ಲರೂ ತಾಯಿಮನೆಯಲ್ಲೇ. ಹೆಸರಿಗೆ ಯಜಮಾನ ಮಾವ, ಯಜಮಾನಿಕೆ ಅಜ್ಜಿಯದು. ಕತ್ತಲಾದರೆ ಗಂಡಸರು ಜಗಲಿಗೆ, ಹೆಂಗಸರು ಮಕ್ಕಳು ಒಳಕೋಣೆಗೆ. ಅತ್ತೆಯ ಎಡಕ್ಕೆ ನಾನು, ಬಲಕ್ಕೆ ನನ್ನ ತಂಗಿ, ಕಾಲಬುಡದಲ್ಲಿ ಚಿಕ್ಕಮ್ಮನ ಮಗ. ಮಾವನಿಗೆ ಮಕ್ಕಳಿಲ್ಲ ಎಂದು ಊರಿನವರು ಮರುಕಪಡುತ್ತಿದ್ದರು. ಎಲ್ಲಿಂದ ಆಗಬೇಕು ಹೇಳಿ? ಆ ಗಂಡ ಹೆಂಡಿರು ಇಡೀ ದಿನದಲ್ಲಿ ಆಡುತ್ತಿದ್ದ ಮಾತೆಂದರೆ ಊಟಕ್ಕೆ ಕರೆಯುವುದು, ಬಂದೆ ಎನ್ನುವುದು, ಅಷ್ಟೇ.

ಮಾವ ದರ್ಜಿ. ಅರಿವೆ ತರಲು ಮಂಗಳೂರಿಗೆ ಹೋದವರು ಒಮ್ಮೆ ಬಂದರಿನಲ್ಲಿ ಹಡಗಿನ ಖಲಾಸಿಗಳು ಬಲೆಯ ತೂಗುಮಂಚದಲ್ಲಿ ಮಲಗಿದ್ದನ್ನು ನೋಡಿ ಬಂದರು. ಮರುದಿನವೇ ನೇತ್ರಾವತಿಯ ಮೀನುಗಾರರಿಂದ ಹಳೆಯ ಬಲೆ ತಂದು ಅಂಥ ಎರಡು ತೂಗುಮಂಚ ಹೆಣೆದರು. ಒಂದು ಶನಿವಾರ ಬೆಳ್ತಂಗಡಿ ಹತ್ತಿರದ ಲಾಯಿಲದ ಗುಡ್ಡೆಗೆ ಹೋಗುವ, ಅಲ್ಲಿ ಮಲಗುವ, ಮಾತಾಡುವ ಎಂದು ಬಾವಿಕಟ್ಟೆಯಲ್ಲಿ ಅತ್ತೆಗೆ ಹೇಳಿದರಂತೆ. ಅತ್ತೆಯೋ, ದೀಪಾವಳಿಯಿಂದ ಶಿವರಾತ್ರಿಯವರೆಗೆ ಒಂದರ ಮೇಲೊಂದು ಎರಡು ರವಕೆ ತೊಡುವ ಹೆಂಗಸು! ಕೊಡ ಎತ್ತಿ ಸೊಂಟಕ್ಕಿಟ್ಟುಕೊಳ್ಳುತ್ತಾ ಹೇಳಿದ್ದು ಒಂದೇ ಮಾತು.

"ಚಳಿ ಆಗದ ಹಾಗೆ ಮಾಡಿದ್ರೆ ಬರ್ತೇನೆ."

ಮುಗಿಯಿತು. ಅಂದಿನಿಂದ ಮಾವನಿಗೆ ಗಿರಾಕಿಗಳ ಅಂಗಿ ಎರಡನೆಯ ಕೆಲಸವಾಯಿತು.

ಮೊದಲು ತಾವೇ ಅಂಗಳದಲ್ಲಿ ನೇತುಬಿದ್ದು ಪರೀಕ್ಷೆ ಮಾಡಿದರು. ಮೈಮೇಲೆ ಕಂಬಳಿಗಳನ್ನು ಹೇರಿಕೊಂಡರೂ ಬೆನ್ನು ಮಾತ್ರ ಕೆರೆಯ ಕಲ್ಲು! ಬೆನ್ನ ಕೆಳಗೆ ಹಾಸಿಗೆ ಹಾಕಿದರೆ ಮೈಭಾರಕ್ಕೆ ಅದು ಹಪ್ಪಳವಾಯಿತು. ಆಗ ಮಾವನಿಗೆ ಜ್ಞಾನೋದಯ: ಚಳಿ ಮೇಲಿಂದ ಬರುವುದಲ್ಲ, ಅಡಿಯಿಂದ ಬರುವುದು. ಎದೆಯಳತೆ ಕೊಡಲು ಬಂದವರಿಗೆಲ್ಲ ಟೇಪು ಸುತ್ತಿ ಹಿಡಿದುಕೊಂಡೇ ಇದನ್ನು ಬೋಧಿಸಿದರು. ಪಾಪ, ಅವರು ಓಡುವುದಾದರೂ ಹೇಗೆ?

ಹಾಗಾದರೆ ಅಡಿಯಿಂದಲೇ ಹೊದಿಸಬೇಕು ತಾನೆ? ಬಲೆಯ ಕೆಳಗೆ ಇನ್ನೊಂದು ಬಲೆ ಕಟ್ಟಿ ನಡುವೆ ಬೈಹುಲ್ಲು ತುಂಬಿದರು. ಬೆಚ್ಚಗಿತ್ತಂತೆ, ನಿದ್ದೆಯೂ ಬಂತಂತೆ. ಬೆಳಗಾಗುವಾಗ ಯಾರೋ ಕೆಳಗಿನಿಂದ ಎಳೆದ ಹಾಗಾಗಿ ಕಣ್ಣು ಬಿಟ್ಟರೆ ನೆರೆಮನೆಯ ದನ ಹುಲ್ಲನ್ನೆಲ್ಲ ಮುಗಿಸಿ ಮಾವನ ಪಂಚೆಗೆ ಬಾಯಿ ಹಾಕಿತ್ತು! ಅಂತೂ ಒಬ್ಬರಿಗಾದರೂ ಹೊಟ್ಟೆ ತುಂಬಿತಲ್ಲ ಎಂದರು ಅಜ್ಜಿ.

ಹುಲ್ಲು ಹೋಗಿ ಅಡಿಕೆ ಹಾಳೆ ಬಂತು. ಹಾಳೆಗಳನ್ನು ಹೊಲಿದು ದೋಣಿಯಂತೆ ಕಟ್ಟಿದರು. ಗಾಳಿ ತಡೆಯಿತು ನಿಜ. ಆದರೆ ಮಾವ ಮಗ್ಗುಲು ಬದಲಿಸಿದಾಗೆಲ್ಲ ಎದ್ದ ಚರಚರ ಸದ್ದಿಗೆ ಕಳ್ಳ ಬಂದನೆಂದು ನೆರೆಯವರು ದೊಣ್ಣೆ ಹಿಡಿದು ಬಂದರು. ಬಂದವರನ್ನು ಕೂರಿಸಿ ಚಳಿ ಎಲ್ಲಿಂದ ಬರುತ್ತದೆ ಎಂದು ವಿವರಿಸಿಯೇ ಕಳುಹಿಸಿದರು. ಛಲ ಎಂದರೆ ಅದು!

ಕೊನೆಗೆ ಮೂಡಬಿದಿರೆಯ ಗಿರಾಕಿಯೊಬ್ಬರು ಗೋಣಿ ತುಂಬ ಬೂರುಗದ ಹತ್ತಿ ಕೊಟ್ಟರು. ಅದನ್ನು ಜಗಲಿಯಲ್ಲಿ ಬಿಡಿಸಲು ಕೂತದ್ದೇ ತಡ, ಅಜ್ಜಿಯ ಗಂಜಿಯಲ್ಲಿ ಹತ್ತಿ, ದೇವರ ದೀಪದ ಮೇಲೆ ಹತ್ತಿ, ನಮ್ಮ ಕರಿನಾಯಿ ಒಂದು ವಾರ ಬಿಳಿನಾಯಿ! ಅತ್ತೆಯ ಹಳೆಯ ಸೀರೆಗಳ ನಡುವೆ ಹತ್ತಿ ತುಂಬಿ, ಸಾಲುಸಾಲಾಗಿ ಹೊಲಿದು, ಬಲೆಯ ಕೆಳಗೆ ಸಡಿಲವಾಗಿ ಇಳಿಬಿಟ್ಟು ಕಟ್ಟಿದರು. ಮೈಗೆ ತಾಗಬೇಕು, ಮೈಭಾರ ಬೀಳಬಾರದು. ಅದೇ ಗುಟ್ಟು. ಮನೆಯ ಬೆಕ್ಕು ಅದರೊಳಗೆ ಹೊಕ್ಕಿದ್ದು ಮಧ್ಯಾಹ್ನ ಮೀನು ಕೊಯ್ಯುವಾಗಲೂ ಇಳಿದು ಬರಲಿಲ್ಲ. ಇನ್ನೇನು ಸರ್ಟಿಫಿಕೇಟು ಬೇಕು? ಹೊರಡುವುದೆಂದಾಯಿತು.

ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಮನೆಯ ಸೊಸೆ ಮರದಲ್ಲಿ ನೇತಾಡಿದರೆ ಊರಿನವರು ಏನು ಹೇಳಿಯಾರು ಎಂಬುದು ಅವರ ಪ್ರಶ್ನೆ.

"ಊರಿನವರ ಅಂಗಿಯೆಲ್ಲ ನನ್ನ ಕತ್ತರಿಯ ಕೆಳಗೆ ಉಂಟು ಅಮ್ಮ. ಯಾರೂ ಏನೂ ಹೇಳ್ಲಿಕ್ಕಿಲ್ಲ" ಎಂದರು ಮಾವ. ಅತ್ತೆ ತಲೆ ತಗ್ಗಿಸಿಕೊಂಡೇ ಅವರ ಹಿಂದೆ ನಡೆದರು. ಎರಡು ರವಕೆ ತೊಟ್ಟಿದ್ದರು.

ಇಬ್ಬರೂ ಬೆಳ್ತಂಗಡಿಯ ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಒಂದೇ ಚಿಂತೆ. ಅತ್ತೆ ನಡುಗಿ ಹಿಂದೆ ಬಂದರೆ ಮಾವ ಮತ್ತೆ ಕರೆಯುವಂತಿಲ್ಲ, ಅತ್ತೆ ಮತ್ತೆ ಹೋಗುವಂತಿಲ್ಲ. ನನ್ನ ಅಮ್ಮ ಎರಡು ಸಲ ದೇವರಿಗೆ ಕೈ ಮುಗಿದದ್ದನ್ನು ನಾನು ನೋಡಿದ್ದೇನೆ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂದರು. ಅಜ್ಜಿ ಜಗಲಿಯಲ್ಲೇ ತಡೆದು, ಚಳಿಯಾಯಿತಾ ಎಂದು ಸೊಸೆಯನ್ನು ಕೇಳಿದರು. ಅತ್ತೆ ಮಾವನ ಮುಖ ನೋಡಿದರು. ಅಜ್ಜಿಯ ಎದುರಿಗೆ ಅವರು ಹಾಗೆ ನೋಡಿದ್ದನ್ನು ನಾವು ಕಂಡೇ ಇರಲಿಲ್ಲ.

"ಚಳಿ ಉಂಟಾ ಅಂತ ನೋಡ್ಲಿಕ್ಕೆ ಸಮಯವೇ ಸಿಗ್ಲಿಲ್ಲ ಅತ್ತೆ. ಮಾತು ಮುಗೀಲೇ ಇಲ್ಲ."

ಹೇಳಿ ಒಳಗೆ ಓಡಿದರು. ಹತ್ತಿ, ಹಾಳೆ, ಹುಲ್ಲು ಎಂದು ಊರಿಗೆಲ್ಲ ಪಾಠ ಹೇಳಿದ ಮಾವ ಬಲೆಯ ಗಂಟು ಬಿಚ್ಚುತ್ತಾ ಜಗಲಿಯಲ್ಲೇ ಕೂತರು. ಆಮೇಲೆ ನನ್ನ ಅಮ್ಮನ ಹತ್ತಿರ ಹೇಳಿದರು: "ಅಕ್ಕ, ಅವಳು ಗಟ್ಟಿಯಾಗಿ ನಗ್ತಾಳೆ. ನನಗೆ ಗೊತ್ತೇ ಇರ್ಲಿಲ್ಲ."

ಅಜ್ಜಿಗೆ ಅದು ಕೇಳಿಸಿತು. ಬೈಯುತ್ತಾರೆಂದು ನಾವೆಲ್ಲ ಕಾದೆವು. ಬೈಯಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಒಳಕೋಣೆಗೆ ಬಂದು ಅತ್ತೆಯ ಚಾಪೆಯ ಸುತ್ತಲಿದ್ದ ನಮ್ಮ ಚಾಪೆಗಳನ್ನು ತಾವೇ ಎತ್ತಿಕೊಂಡರು. ಇನ್ನು ಮೇಲೆ ಮಕ್ಕಳು, ಉಳಿದ ಹೆಂಗಸರು ಎಲ್ಲ ಚಾವಡಿಯಲ್ಲಿ, ತನ್ನ ಹತ್ತಿರ ಮಲಗಬೇಕು ಎಂದರು. ಯಾಕಜ್ಜಿ ಎಂದು ತಂಗಿ ಕೇಳಿದಳು. ಅಜ್ಜಿ ಚಾಪೆ ಬಿಡಿಸುತ್ತಾ, ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು.

"ನಿಮ್ಮ ಅಜ್ಜ ಹೋಗಿಬಿಟ್ಟರು ಮಕ್ಕಳೇ. ನಾನು ನಗುವುದನ್ನು ಅವರು ಕೇಳ್ಲೇ ಇಲ್ಲ."