ಇಂದೋಯ್ ಇದ್ದಾನೋ ಸತ್ತನೋ ತಿಳಿಸುವ ಕೃಪೆಯಾಗಲಿ

ಕಂತುಕಂತಾಗಿ ವಿಡಿಯೋ ಗೇಮ್ ಮಾರುವ ಕಂಪನಿಯ ಘನ ವ್ಯವಸ್ಥಾಪಕರಿಗೆ, ಬೊಹೋಲ್ ದ್ವೀಪದಿಂದ ಮದುವೆ ನಿಂತುಹೋದ ಮಾರಿವಿಕ್ ತುಮುಲಾಕ್ ಮಾಡುವ ಅನಂತಾನಂತ ವಂದನೆಗಳು.

ಮಾನ್ಯರೇ,

ತಮ್ಮ ಆಟದ ಬೆಸ್ತರ ಹುಡುಗ ಇಂದೋಯ್‌ನನ್ನು ನನ್ನ ಅಜ್ಜಿ ಕೊನ್ಸೋರ್ಸಿಯಾ ಮೊದಲ ಕಂತಿನಲ್ಲೇ ಮೊಮ್ಮಗನೆಂದು ಒಪ್ಪಿಕೊಂಡುಬಿಟ್ಟರು. ಎರಡನೆಯದರ ಕೊನೆಗೆ ಅವನ ದೋಣಿ ಮಗುಚಿದಾಗ, ಹಗ್ಗ ಹಿಡಿಯುವಿರೋ ಬಿಡುವಿರೋ ಎಂದು ತಾವು ವಿನಯದಿಂದ ಕೇಳಿದಿರಿ. ಗಾಬರಿಯಲ್ಲಿ ಅಜ್ಜಿಯ ಬೆರಳು ‘ಬಿಡು’ ಎಂಬುದರ ಮೇಲೆ ಬಿತ್ತು. ತಕ್ಷಣ ತಾವು, ಮುಂದಿನದು ಮೂರನೆಯ ಕಂತಿನಲ್ಲಿ, ಬೆಲೆ ಪ್ರತ್ಯೇಕ ಎಂದು ಪರದೆ ಕಪ್ಪು ಮಾಡಿದಿರಿ. ಆಹಾ, ಎಂಥ ವ್ಯಾಪಾರ! ಎರಡು ಕ್ರಿಸ್‌ಮಸ್ ಕಳೆದರೂ ಆ ಕಂತಿನ ಸುಳಿವಿಲ್ಲ.

ನಮ್ಮ ಇಗರ್ಜಿಯಲ್ಲಿ ಪ್ರಾರ್ಥನೆಗೆ ಹೆಸರು ಕೊಡುವಾಗ ಬದುಕಿರುವವರ ಪಟ್ಟಿ ಬೇರೆ, ತೀರಿಕೊಂಡವರದು ಬೇರೆ. ಅಜ್ಜಿ ಇಂದೋಯ್‌ನನ್ನು ಎರಡರಲ್ಲೂ ಸೇರಿಸಿದರು.

“ಒಂದ್ಕಡೆ ಇರ್ಲಿ ಅಜ್ಜಿ, ದೇವ್ರಿಗೂ ತಲೆ ಕೆಡುತ್ತೆ” ಎಂದ ಪಾದ್ರಿಗಳಿಗೆ, “ಹಗ್ಗ ಬಿಟ್ಟೋಳು ನಾನು ಫಾದರ್, ನೀವಲ್ಲ” ಎಂದು ಅತ್ತೇಬಿಟ್ಟರು. ನಾನೂ ಅತ್ತೆ, ಆದರೆ ನನ್ನ ಸಲುವಾಗಿ. ಮನೆಯಲ್ಲಿ ಸಾವಾದ ವರ್ಷ ನಮ್ಮಲ್ಲಿ ಮದುವೆ ಮಾಡುವಂತಿಲ್ಲ. ಅವನು ಸತ್ತಿದ್ದರೆ ವರ್ಷದ ಸೂತಕ ಕಳೆದು ಮದುವೆಯಾಗುತ್ತಿದ್ದೆ, ಬದುಕಿದ್ದರೆ ನಾಳೆಯೇ ಆಗುತ್ತಿದ್ದೆ; ತಮ್ಮ ದಯೆಯಿಂದ ಅವನು ಎರಡೂ ಅಲ್ಲವಾದ್ದರಿಂದ ನಮ್ಮ ಸೂತಕ ಶುರುವೂ ಆಗದು, ಮುಗಿಯದು ಕೂಡ.

ಈ ನಡುವೆ ತಾವು ಆಟದೊಳಗೆ ಇಂದೋಯ್‌ಗೆ ತೊಡಿಸಲೆಂದು ಹೊಸ ಟೋಪಿಯನ್ನು ಮಾರಾಟಕ್ಕಿಟ್ಟಿರಿ. ಮುಳುಗಿದವನಿಗೆ ಟೋಪಿ! “ಸತ್ತೋನಿಗೆ ಯಾರಾದ್ರೂ ಟೋಪಿ ಮಾರ್ತಾರೇನೇ? ಬದ್ಕಿದಾನೆ ಕಣೇ!” ಎಂದು ಅಜ್ಜಿ ಕುಣಿದಾಡಿ ನನ್ನ ಮದುವೆಗೆ ದಿನವನ್ನೂ ಗೊತ್ತುಮಾಡಿದರು. ಮರುವಾರವೇ ಟೋಪಿಗೆ ಅರ್ಧ ಬೆಲೆ ಎಂದಿರಿ. “ಸತ್ತೋರ ಸಾಮಾನ್ನೇ ಕಣೇ ಹೀಗೆ ಅಗ್ಗಕ್ಕೆ ಮಾರೋದು” ಎಂದು ಅಜ್ಜಿ ಮತ್ತೆ ಕಪ್ಪು ಬಟ್ಟೆ ಉಟ್ಟರು.

ಮದುವೆಯೂಟಕ್ಕೆಂದು ಮರಿಯಾಗಿ ತಂದ ಹಂದಿ ಈಗ ಗೂಡಿನ ಬಾಗಿಲಲ್ಲಿ ಹಿಡಿಸುವುದಿಲ್ಲ. ಅಜ್ಜಿ ಅದಕ್ಕೆ ಹೆಸರೂ ಇಟ್ಟಿರುವುದರಿಂದ ಕೊಯ್ಯುವ ಮಾತೇ ಇಲ್ಲ. ನನ್ನ ಮದುವೆ ಗಂಡು ರೋದೆಲ್ ಅಂತೂ, “ನಿಮ್ಮಜ್ಜಿ ಆಟ ಮುಗ್ಸೋಷ್ಟ್ರಲ್ಲಿ ನನ್ ತಲೆಕೂದ್ಲು ಮುಗ್ದಿರುತ್ತೆ ಬಿಡು” ಎನ್ನುತ್ತಾ ಕನ್ನಡಿ ನೋಡಿಕೊಳ್ಳುತ್ತಾನೆ. ನನಗೆ ನಗುವೂ ಬರುತ್ತದೆ, ಭಯವೂ ಆಗುತ್ತದೆ.

ಆದ್ದರಿಂದ ಮಾನ್ಯರು ಒಂದೋ ಇಂದೋಯ್‌ನ ಮರಣ ಪ್ರಮಾಣಪತ್ರ ಕಳಿಸಬೇಕು, ಇಲ್ಲವೇ ಒದ್ದೆ ಬಟ್ಟೆಯಲ್ಲಾದರೂ ಸರಿ, ಅವನನ್ನೇ ನನ್ನ ಮದುವೆಗೆ ಸಾಕ್ಷಿಯಾಗಿ ಕಳಿಸಿಕೊಡಬೇಕೆಂದು ಪ್ರಾರ್ಥಿಸುವ,

ತಮ್ಮ ವಿಶ್ವಾಸಿ,
ಮಾರಿವಿಕ್
(ಮದುವೆಯ ನಂತರದ ಹೆಸರು ಮುಂದಿನ ಕಂತಿನಲ್ಲಿ)

ತಾ.ಕ.: ತಮಗಾಗಿ ಅಜ್ಜಿ ಒಂದು ಶಾಪವನ್ನು ಸಿದ್ಧಪಡಿಸಿಟ್ಟುಕೊಂಡಿದ್ದಾರೆ. ಅದರಲ್ಲಿ ಕಂತುಗಳಿಲ್ಲ, ಪೂರ್ತಿ, ಒಂದೇ ಸಲಕ್ಕೆ, ಪುಕ್ಕಟೆ.