ಅದೇ ಜಾಗ, ಅದೇ ಗೋಲು

ಒಂದು ಹೂಕುಂಡದಷ್ಟು ಮಣ್ಣೂ ಸ್ವಂತಕ್ಕಿಲ್ಲದೆ, ಮಳೆಗಾಗಿ ರೈತರಿಗಿಂತ ಹೆಚ್ಚು ಬೇಡಿಕೊಂಡ ಮನುಷ್ಯ ಇಡೀ ತುಮಕೂರಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಮಾಮು. ಸುಳ್ಳೆನಿಸಿದರೆ ನಮ್ಮ ಗಲ್ಲಿಯಲ್ಲಿ ಯಾರನ್ನಾದರೂ ಕೇಳಿ! ಮಾಮು ಎಂದರೆ ನನ್ನ ತಾಯಿಯ ಅಣ್ಣ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರದೊಂದು ಕುಶನ್ ಅಂಗಡಿ. ಸ್ಕೂಟರು, ಬೈಕು, ಆಟೊ, ಬಸ್ಸು, ಯಾವುದರ ಸೀಟು ಹರಿದರೂ ಹೊಲಿದು ಕೊಡುವುದು ಅವರ ಕೆಲಸ. ಮಳೆಯಿಂದ ಅವರಿಗೆ ಮೂರು ಕಾಸಿನ ಉಪಯೋಗವಿಲ್ಲ. ಅಂಗಡಿ ಮುಂದೆ ಪೇರಿಸಿದ ಸ್ಪಂಜು ನೀರು ಕುಡಿದು ಎಮ್ಮೆಕರುವಿನಷ್ಟು ಭಾರವಾಗುತ್ತಿತ್ತು, ಒಳಗೆ ಎಳೆಯಲು ಇಬ್ಬರು ಬೇಕಾಗುತ್ತಿದ್ದರು. ಆದರೂ ಮುಂಗಾರು ಶುರುವಾಗುವ ಹೊತ್ತಿಗೆ ಈ ಮಹಾಶಯರು ಅಂಗಡಿಯ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತ, "ಯಾ ಅಲ್ಲಾ, ಗುಬ್ಬಿ ಕಡೆಗೆ ಸ್ವಲ್ಪ ಜೋರಾಗಿ" ಎಂದು ವಿಳಾಸ ಸಮೇತ ದುವಾ ಮಾಡುತ್ತಿದ್ದರು. ಯಾಕೆ ಅಂತೀರಿ? ಒಂದು ಫುಟ್‌ಬಾಲ್ ಮ್ಯಾಚ್ ತಪ್ಪಿಸಿಕೊಳ್ಳಲಿಕ್ಕೆ!

ಇದು ಶುರುವಾಗಿದ್ದು ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ. ನಾನಾಗ ನಾಲ್ಕನೇ ಕ್ಲಾಸು. ನಮ್ಮ ಗಲ್ಲಿಯಲ್ಲೊಂದು ಫುಟ್‌ಬಾಲ್ ಟೀಮಿತ್ತು. ಪಂಕ್ಚರ್ ಅಂಗಡಿಯವರಿಬ್ಬರು, ವೆಲ್ಡಿಂಗ್‌ನವನೊಬ್ಬ, ಹಣ್ಣಿನ ಗಾಡಿಯವರು, ಹೀಗೆ ಹನ್ನೊಂದು ಜನ. ಮಾಮು ಕ್ಯಾಪ್ಟನ್. ಅವರಿಗೆ ಆಡಲು ಬರುತ್ತಿತ್ತು ಎಂದಲ್ಲ, ಚೆಂಡು ಹೊಲಿಯಲು ಬರುತ್ತಿತ್ತು. ಬಸ್ ಸೀಟಿಗೆ ಹಾಕಿ ಉಳಿದ ಕಂದು ರೆಕ್ಸಿನ್‌ನಲ್ಲಿ ಅವರು ಹೊಲಿದ ಚೆಂಡು ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೆ ಎಂದು ಹೊಲಿದವರಿಗೂ ಗೊತ್ತಾಗುತ್ತಿರಲಿಲ್ಲ.

ಗುಬ್ಬಿಯಿಂದ ಆಚೆಗಿನ ಒಂದು ಹಳ್ಳಿಯವರು ಮ್ಯಾಚಿಗೆ ಕರೆದರು. ಅಲ್ಲಿ ಮೈದಾನವಿರಲಿಲ್ಲ. ಆ ವರ್ಷ ಕೆರೆ ಒಣಗಿತ್ತು, ಕೆರೆಯಂಗಳವೇ ಮೈದಾನವಾಗಿತ್ತು. ಎರಡು ಕಡೆ ತೆಂಗಿನ ಮರದ ತುಂಡು ನೆಟ್ಟು ಗೋಲು ಮಾಡಿದ್ದರು. ಅವರ ಕ್ಯಾಪ್ಟನ್ ಒಬ್ಬ ಗೌಡರು. ಮಾಮು ವಯಸ್ಸಿನವರೇ. ಕೆರೆಯ ಕೆಳಗೆ ಅವರದೇ ತೆಂಗಿನ ತೋಟವಿತ್ತು. ನಾವು ಗಲ್ಲಿಯ ಮಕ್ಕಳೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೋಗಿ ಏರಿಯ ಮೇಲೆ ಕೂತೆವು.

ಕೊನೇ ನಿಮಿಷದವರೆಗೂ ಯಾರಿಗೂ ಗೋಲಿಲ್ಲ. ಆಗ ನಮ್ಮ ಮಾಮು ಎದುರಾಳಿಯ ಗೋಲಿನ ಮುಂದೆ, ಚೆಂಡಿಗೆ ಬೆನ್ನು ಹಾಕಿ, ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು! ವೆಲ್ಡಿಂಗ್‌ನವನು ಕಣ್ಣುಮುಚ್ಚಿ ಒದ್ದ ಚೆಂಡು ಬಂದು ಅವರ ಬೆನ್ನಿಗೆ ಬಡಿದು, ಗೋಲ್‌ಕೀಪರನ ತಲೆ ಮೇಲಿಂದ ಹಾರಿ ಒಳಗೆ ಹೋಯಿತು. ಮಾಮು ಎದ್ದು ನಿಂತು, "ಯಾವನ್ಲೇ ಹೊಡೆದಿದ್ದು?" ಎಂದು ಜಗಳಕ್ಕೆ ಹೊರಟರು. ಅಷ್ಟರಲ್ಲಿ ನಮ್ಮವರೆಲ್ಲ ಬಂದು ಅವರನ್ನು ಹೆಗಲ ಮೇಲೆ ಹೊತ್ತುಕೊಂಡಿದ್ದರು.

ಸೋತವರೇ ಊಟ ಹಾಕಿದರು. ಎಲೆ ಮುಂದೆ ಕೂತಾಗ ಗೌಡರು ಕೇಳಿದರು. "ಸಾಬ್ರೇ, ಬೆನ್ನಲ್ಲಿ ಗೆದ್ದೋರು ನೀವೊಬ್ರೇಯ. ಇನ್ನೊಂದ್ ಮ್ಯಾಚ್ ಆಡಾನ, ಬತ್ತೀರಾ?"

ಮಾಮು ಗೆದ್ದ ಗುಂಗಿನಲ್ಲಿದ್ದರು. "ಬರದೆ ಏನು ಗೌಡ್ರೇ? ಅದೇ ಜಾಗ, ಅದೇ ಗೋಲು! ಮಾತು ಅಂದ್ರೆ ಮಾತು!" ಎಂದು ಎಲ್ಲರೆದುರು ಎದೆ ತಟ್ಟಿ ಹೇಳಿಬಿಟ್ಟರು.

ಟೆಂಪೋ ಗುಬ್ಬಿ ದಾಟುವ ಹೊತ್ತಿಗೆ ಗುಂಗು ಇಳಿದಿತ್ತು. ಹೆದರಿಕೆ ಏರಿತ್ತು. "ಒಂದೇ ಟೀಮನ್ನ ಎರಡನೇ ಸಲ ಸೋಲಿಸೋದು ಬಹಳ ಕಷ್ಟ ಕಣ್ರೋ" ಎಂದರು.

"ಯಾಕೆ ಮಾಮು?" ಎಂದೆ ನಾನು.

"ಮೊದಲನೇ ಸಲ ಅವರಿಗೆ ನನ್ನ ಬೆನ್ನಿನ ವಿಷಯ ಗೊತ್ತಿರಲಿಲ್ಲ."

ನಗಬೇಡಿ, ಇದು ಅವರ ಜೀವನ ಸಿದ್ಧಾಂತವೇ ಆಗಿಹೋಯಿತು. ಸೋತವನು ರಾತ್ರಿಯೆಲ್ಲ ಯೋಚಿಸುತ್ತಾನೆ, ಗೆದ್ದವನು ಹೊದ್ದು ಮಲಗುತ್ತಾನೆ. ಆದ್ದರಿಂದ ಗೆದ್ದ ಮೇಲೆ ಅದೇ ಮನುಷ್ಯನ ಎದುರು ಮತ್ತೆ ನಿಲ್ಲಬಾರದು. ಮನೆಯಲ್ಲಿ ಒಂದು ಸಲ ನನ್ನನ್ನು ಕೇರಂನಲ್ಲಿ ಸೋಲಿಸಿದರು. ಅವತ್ತೇ ಬೋರ್ಡು ಬೀರುವಿನ ಮೇಲೆ ಹೋಯಿತು. ನಾನು ಅತ್ತೂ ಕರೆದೂ ಮಾಡಿದರೂ ಇಳಿಯಲಿಲ್ಲ! ಇನ್ನು ಮುಮಾನಿ, ಅಂದರೆ ಮಾಮುವಿನ ಹೆಂಡತಿ. ಮದುವೆಯಾದ ಮೇಲೆ ಮಾಮು ಆಕೆಯೊಂದಿಗೆ ಒಂದೇ ಒಂದು ವಾದ ಗೆದ್ದಿದ್ದರು. ಟೀವಿ ಹಾಲಿನಲ್ಲಿಯೇ ಇರಬೇಕು ಎಂಬ ವಾದ. ಆಮೇಲೆ ಮುಮಾನಿ, "ಆ ಟೀವಿ ವಿಷಯ..." ಎಂದು ಬಾಯಿ ತೆರೆದರೆ ಸಾಕು, ಮಾಮು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಬಿಡುತ್ತಿದ್ದರು. ಒಂದು ಶುಕ್ರವಾರ ರಜಾ ದಿನವೂ ಹೋಗಿ ಮುಚ್ಚಿದ ಅಂಗಡಿಯ ಮುಂದೆ ಕೂತಿದ್ದರಂತೆ.

ಸಿದ್ಧಾಂತಕ್ಕೆ ಇನ್ನೊಂದು ಮುಖವೂ ಇತ್ತು. ಸೋತವನಿಗೆ ಎರಡನೇ ಸಲ ಸುಲಭವಾಗಬೇಕಲ್ಲವೆ? ಕುಣಿಗಲ್‌ನವರು ನಮ್ಮ ಟೀಮಿಗೆ ಐದು ಗೋಲು ಹೊಡೆದು ಕಳಿಸಿದಾಗ ಮಾಮು ಸಂತೋಷದಿಂದ ಕುಣಿದಾಡಿದರು. "ಈಗ ನೋಡ್ರೋ, ಮುಂದಿನ ವಾರವೇ ಇನ್ನೊಂದು ಮ್ಯಾಚ್!" ಮುಂದಿನ ವಾರ ಕುಣಿಗಲ್‌ನವರು ಏಳು ಗೋಲು ಹೊಡೆದರು. ಬಸ್ಸಿನಲ್ಲಿ ಎಲ್ಲರೂ ಮಾಮುವನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಾಗ ಅವರು ಶಾಂತವಾಗಿ ಹೇಳಿದರು. "ಸಿದ್ಧಾಂತ ತಪ್ಪಲ್ಲ. ಕುಣಿಗಲ್‌ನವರಿಗೆ ಸಿದ್ಧಾಂತ ಗೊತ್ತಿಲ್ಲ."

ಅತ್ತ ಗುಬ್ಬಿ ಕಡೆ ಏನಾಯಿತು? ಆ ವರ್ಷವೇ ಮಳೆ ಬಂದು ಕೆರೆ ತುಂಬಿತು! 'ಅದೇ ಜಾಗ' ನೀರಿನ ಅಡಿಗೆ ಹೋಯಿತು. ತಮ್ಮ ಬಾಯಿಂದ ಎಂಥ ಮುತ್ತಿನಂಥ ಮಾತು ಬಿದ್ದಿತ್ತು ಎಂದು ಮಾಮುವಿಗೆ ಆಗ ಅರಿವಾಯಿತು.

ಗೌಡರು ಬಿಡುವವರಲ್ಲ. ಪ್ರತಿ ವರ್ಷ ಬೇಸಿಗೆಯಲ್ಲಿ ಬೈಕು ಹತ್ತಿ ತುಮಕೂರಿಗೆ ಬಂದು ಅಂಗಡಿ ಮುಂದೆ ನಿಲ್ಲಿಸುತ್ತಿದ್ದರು. ಹಿಂದೆ ಒಂದು ಚೀಲ ಎಳನೀರು.

"ಸೀಟ್ ಹೊಲೀರಿ ಸಾಬ್ರೇ."

"ಹೋದ ವರ್ಷ ನಾನೇ ಹೊಲಿದಿದ್ದು ಗೌಡ್ರೇ, ಎಲ್ಲೂ ಹರಿದಿಲ್ವಲ್ಲ?"

"ಹರ್ದಿಲ್ಲ ಅಂತ ಹೊಲಿಯಾಕಿಲ್ವಾ? ಹೊಲೀರಿ ಅತ್ಲಾಗೆ. ಮ್ಯಾಚ್ ಯಾವಾಗ?"

"ನಾನು ರೆಡಿ! ಈಗಲೇ ರೆಡಿ! ಗ್ರೌಂಡ್ ಹೆಂಗಿದೆ?"

"ಗ್ರೌಂಡಲ್ಲಿ ಎರಡಾಳು ನೀರೈತೆ."

"ಛೆ ಛೆ! ಎಂಥಾ ಅನ್ಯಾಯ ಗೌಡ್ರೇ!"

"ನಾಟಕ ಬುಡಿ ಸಾಬ್ರೇ. ಹೈಸ್ಕೂಲ್ ಫೀಲ್ಡ್ ಐತೆ, ಅಲ್ಲಾಡಾನ."

"ಮಾತು ಅಂದ್ರೆ ಮಾತು. ಅದೇ ಜಾಗ ಅಂದಿದೀನಿ, ಎರಡೂ ಟೀಮಿನ ಎದುರು!"

ಗೌಡರು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. "ಒಳ್ಳೆ ಪೇಚಿಗೆ ತಂದಿಕ್ಕಿದ್ರಲ್ಲಪ್ಪಾ! ಮ್ಯಾಚ್ ಬೇಕು ಅಂದ್ರೆ ಕೆರೆ ಒಣಗ್ಬೇಕು. ಕೆರೆ ಒಣಗ್ಲಿ ಅಂತ ನಾನೆಂಗೆ ಬೇಡ್ಕಳನ? ನನ್ ತೋಟ ಇರದೇ ಅದರ್ ಕೆಳ್ಗೆ!" ಆಮೇಲೆ ಇಬ್ಬರೂ ಚಹಾ ಕುಡಿದು, ಎಳನೀರು ಕೊಚ್ಚಿ, ಮಧ್ಯಾಹ್ನದವರೆಗೆ ಅದೇ ಮ್ಯಾಚನ್ನು ಮತ್ತೆ ಮತ್ತೆ ಬಾಯಲ್ಲೇ ಆಡುತ್ತಿದ್ದರು. ಹರಿಯದ ಸೀಟಿನ ಮೇಲೆ ಮಾಮು ಇನ್ನೊಂದು ಪದರ ಸ್ಪಂಜು, ರೆಕ್ಸಿನ್ ಇಟ್ಟು ಹೊಲಿದು ಕಳಿಸುತ್ತಿದ್ದರು. ಆರೇಳು ವರ್ಷಕ್ಕೆ ಆ ಸೀಟು ದಿವಾನದ ಹಾಸಿಗೆಯಷ್ಟು ದಪ್ಪವಾಗಿ, ಗೌಡರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಒಂದು ವರ್ಷ ನೀರು ಕೆರೆಯ ನಡುವಿಗೆ ಇಳಿದಿತ್ತು. "ಮಧ್ಯದಲ್ಲಿ ಒಂದೀಟು ನೀರೈತೆ, ಸುತ್ತಾ ಆಡ್ಬೋದು" ಎಂದು ಗೌಡರು ಓಡಿ ಬಂದರು. ಮಾಮು ಖುದ್ದು ತಪಾಸಣೆಗೆ ಹೋದರು. ಕೆಸರಿನಲ್ಲಿ ಮೊಣಕಾಲುದ್ದ ಹೂತು, ಒಂದು ಚಪ್ಪಲಿಯನ್ನು ಕೆರೆಗೇ ಅರ್ಪಿಸಿ, "ಸೆಂಟರಲ್ಲಿ ಚೆಂಡು ಇಡೋಕೆ ದೋಣಿ ಬೇಕು. ಮ್ಯಾಚ್ ಕ್ಯಾನ್ಸಲ್" ಎಂದು ತೀರ್ಪು ಕೊಟ್ಟು ಒಂಟಿ ಚಪ್ಪಲಿಯಲ್ಲಿ ಬಂದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ಮಳೆ ಕೈಕೊಟ್ಟಿತು. ಮರುವರ್ಷವೂ ಬರಲಿಲ್ಲ. ಗುಬ್ಬಿ ಕಡೆಯ ಬಸ್ ಡ್ರೈವರೊಬ್ಬ ಸೀಟು ಹೊಲಿಸಲು ಬಂದವನು, ಆ ಕೆರೆ ಪೂರಾ ಒಣಗಿದೆ ಎಂದು ಹೇಳಿಹೋದ. ಮಾಮುವಿನ ಮುಖ ಬಿಳಿಚಿಕೊಂಡಿತು. ಗೌಡರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಬೈಕಿನ ಸದ್ದಾದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದರು. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಗೌಡರು ಬರಲಿಲ್ಲ. ತಪ್ಪಿಸಿಕೊಂಡೆ ಎಂದು ಮಾಮು ಕುಣಿಯಬೇಕಿತ್ತು. ಆದರೆ ಊಟ ಸೇರಲಿಲ್ಲ. "ಕೆರೆ ಒಣಗಿದೆ, ಯಾಕೆ ಬರಲಿಲ್ಲ? ಬರಬೇಕಿತ್ತಲ್ಲ?" ಎಂದು ಮುಮಾನಿಯನ್ನು ಕೇಳುತ್ತಿದ್ದರು, ಆಕೆಯೇ ಗೌಡರನ್ನು ತಡೆದಿಟ್ಟುಕೊಂಡಂತೆ! "ಅಷ್ಟು ಸಂಕಟ ಆದ್ರೆ ಹೋಗಿ ನೋಡ್ಕೊಂಡು ಬನ್ನಿ" ಎಂದು ಆಕೆ ಗದರಿದ ಮೇಲೆ ಒಂದು ಬೆಳಿಗ್ಗೆ ಹೊರಟರು. ಆಗ ಕಾಲೇಜಿನಲ್ಲಿದ್ದ ನಾನೂ ಬಸ್ಸು ಹತ್ತಿದೆ.

ಗೌಡರು ಕೆರೆ ಏರಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಬೈಕು. ಆ ದಪ್ಪ ಸೀಟು ಈಗ ನಿಜವಾಗಿಯೂ ಹರಿದು, ಸ್ಪಂಜು ಹೊರಗೆ ಬಂದಿತ್ತು. ಕೆಳಗೆ ತೋಟದಲ್ಲಿ ತೆಂಗಿನ ಸುಳಿಗಳು ಬಾಗಿದ್ದವು. ಇತ್ತ ಕೆರೆಯಂಗಳದಲ್ಲಿ, ಬಿರುಕು ಬಿಟ್ಟ ಮಣ್ಣಿನಲ್ಲಿ, ಅದೇ ಗೋಲಿನ ಒಂದು ಮೋಟು ಕಂಬ ನಿಂತಿತ್ತು.

"ಬನ್ನಿ ಸಾಬ್ರೇ" ಎಂದರು ಗೌಡರು. ಅಷ್ಟೇ. ಮ್ಯಾಚಿನ ಮಾತಿಲ್ಲ.

"ಯಾಕೆ ಬರಲಿಲ್ಲ ಗೌಡ್ರೇ?"

ಗೌಡರು ಸೀಟಿನಿಂದ ಹೊರಬಂದ ಸ್ಪಂಜನ್ನು ಬೆರಳಲ್ಲಿ ಒಳಗೆ ತುರುಕುತ್ತ ಹೇಳಿದರು. "ಹೋದ್ ವರ್ಸದ್ ಹಿಂದಿನ್ ವರ್ಸ ಒಂದಿನ, ಒಂದೇ ಒಂದಿನ ಸಾಬ್ರೇ, ಈ ಕೆರೆ ಒಂದ್ಸಲ ಒಣಗ್ಬಾರ್ದಾ, ಆಡಿ ತೀರುಸ್ಕಬೋದಿತ್ತು ಅಂದ್ಕಂಬುಟ್ಟೆ. ಇಲ್ಲೇ ಕೂತ್ಕಂಡು ಅಂದ್ಕಂಡಿದ್ದು. ಆವತ್ತಿಂದ ಒಂದ್ ಹನಿ ಬಿದ್ದಿಲ್ಲ. ಈಗ ಯಾವ್ ಮಕ ಇಟ್ಕಂಡು ಮ್ಯಾಚ್ ಕೇಳನ?"

ನಮ್ಮ ಮಾಮು ಜೇಬಿನಿಂದ ದಬ್ಬಳ, ದಾರ ತೆಗೆದರು. ಏರಿಯ ಮೇಲೆಯೇ ಕುಕ್ಕರುಗಾಲಲ್ಲಿ ಕೂತು ಆ ಸೀಟನ್ನು ಹೊಲಿಯತೊಡಗಿದರು. ಹೊಲಿಗೆ ಮುಗಿಸಿ, ದಾರ ಕಡಿದು, ತಲೆ ಎತ್ತದೆ ಹೇಳಿದರು.

"ಭಾನುವಾರ ಟೀಮ್ ಕರ್ಕೊಂಡು ಬರ್ತೀನಿ."

"ಈಗ್ಲಾ ಸಾಬ್ರೇ? ಈ ಬರದಲ್ಲಾ?"

"ಹೂಂ, ಈಗಲೇ. ನಮ್ಮ ಆಟ ಬಾಕಿ ಇದೆ ಅಂತ ಕೆರೆ ಜಾಗ ಬಿಟ್ಟುಕೊಂಡು ಕಾಯ್ತಾ ಇದೆ ಅಂದ್ಕೊಳ್ಳಿ. ಆಡಿ ಮುಗಿಸಿಬಿಡೋಣ. ಆಮೇಲೆ ಅದಕ್ಕೆ ಒಣಗೋ ಕೆಲಸ ಇರಲ್ಲ."

ಹೀಗೆ, ಹತ್ತಿರ ಹತ್ತಿರ ಹತ್ತು ವರ್ಷ ತಪ್ಪಿಸಿಕೊಂಡ ಮ್ಯಾಚನ್ನು ಮಾಮು ತಾವಾಗಿಯೇ ಕೇಳಿ ಪಡೆದರು. ಸೋಲುತ್ತೇನೆ ಎಂದು ಅವರಿಗೆ ಖಚಿತವಾಗಿ ಗೊತ್ತಿತ್ತು. ಸಿದ್ಧಾಂತವೇ ಹೇಳುತ್ತಿತ್ತಲ್ಲ!

ಭಾನುವಾರದ ಆಟ ನೀವು ನೋಡಬೇಕಿತ್ತು. ಎರಡೂ ಕಡೆ ಹೊಟ್ಟೆಗಳು ಬಂದಿದ್ದವು, ಕೂದಲು ಹೋಗಿದ್ದವು. ಪಂಕ್ಚರ್ ಅಂಗಡಿಯವರಿಬ್ಬರು ಹತ್ತು ನಿಮಿಷ ಓಡಿ ಮಣ್ಣಿನಲ್ಲಿ ಕೂತೇಬಿಟ್ಟರು. ಗೌಡರು ಮಾತ್ರ ಆ ರಾತ್ರಿಗಳಲ್ಲೆಲ್ಲ ಯೋಚಿಸಿದ್ದರೆಂದು ಆಟ ಶುರುವಾದ ಕೂಡಲೇ ಗೊತ್ತಾಯಿತು. ಚೆಂಡಿನ ಗೊಡವೆಗೆ ಹೋಗದೆ ಅವರ ಕಡೆಯ ಇಬ್ಬರು ಆಟ ಮುಗಿಯುವವರೆಗೂ ಮಾಮುವಿನ ಬೆನ್ನು ಕಾಯುತ್ತ ನಿಂತಿದ್ದರು! ಮೂರು ಗೋಲು ಹೊಡೆದು ಗುಬ್ಬಿಯವರು ಗೆದ್ದರು. ಮಾಮು ಬೇಕೆಂದೇ ಸೋತರು ಎಂದು ಗಲ್ಲಿಯಲ್ಲಿ ಕೆಲವರು ಹೇಳುತ್ತಾರೆ. ನಂಬಬೇಡಿ. ಬೇಕೆಂದು ಸೋಲುವಷ್ಟು ಆಟ ಅವರಿಗೆ ಬರುತ್ತಿರಲಿಲ್ಲ. ಮೊಣಕೈ ತರಚಿ, ನಾಲಿಗೆ ಹೊರಚಾಚಿ, ಜೀವ ಬಿಟ್ಟು ಆಡಿಯೇ ಸೋತರು.

ವಾಪಸು ಬರುವಾಗ ಟೆಂಪೋದಲ್ಲಿ, "ನಾನು ಹೇಳಿರಲಿಲ್ವಾ? ಎರಡನೇ ಸಲ ಗೆಲ್ಲೋದು ಕಷ್ಟ!" ಎಂದು ನಕ್ಕರು. ಆಮೇಲೆ ಮುಖ ಆಚೆ ತಿರುಗಿಸಿಕೊಂಡು ಆಕಾಶ ನೋಡುತ್ತ ಕೂತರು. ತುಟಿ ಅಲ್ಲಾಡುತ್ತಿತ್ತು. ವಿಳಾಸ ನನಗೆ ಗೊತ್ತಿತ್ತು.

ಮ್ಯಾಚ್ ನೋಡಿಕೊಂಡು ಮಳೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಅದನ್ನು ಮಾಮು ಹೇಳುತ್ತಾರೆ. ಆ ವರ್ಷ ಅಲ್ಲದಿದ್ದರೂ ಮರುವರ್ಷ ಹಿಂಗಾರಿಗೆ ಕೆರೆಗೆ ನೀರು ಬಂತು. ನೀರು ಬಂದ ವಾರವೇ ಗೌಡರ ಬೈಕು ಅಂಗಡಿ ಮುಂದೆ ನಿಂತಿತು. ಇಳಿದವರೇ ಗಂಭೀರವಾಗಿ, "ಸಾಬ್ರೇ, ನಿಮ್ದೊಂದು, ನಮ್ದೊಂದು. ಫೈನಲ್ ಬಾಕಿ ಐತೆ" ಎಂದರು.

"ಎಲ್ಲಿ ಆಡೋದು?" ಎಂದರು ಮಾಮು, ಉಸಿರು ಬಿಗಿಹಿಡಿದು.

"ಎಲ್ಲಿ ಅಂದ್ರೆ? ಅದೇ ಜಾಗ, ಅದೇ ಗೋಲು! ಗೆದ್ದೋನು ನಾನೀಗ. ನಂಗೂ ಭಯ ಇರಾಕಿಲ್ವಾ?"

ಆ ಫೈನಲ್ ಇನ್ನೂ ನಡೆದಿಲ್ಲ. ಮಾಮುವಿಗೆ ಈಗ ಮೊಣಕಾಲು ಬಗ್ಗುವುದಿಲ್ಲ, ಗೌಡರು ಬೈಕು ಹತ್ತುವುದನ್ನು ಬಿಟ್ಟಿದ್ದಾರೆ. ಸೀಟು ಹೊಲಿಯುವ ನೆಪ ಹೋಯಿತು, ಮೊಬೈಲು ಬಂತು. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಾಮು ನನ್ನ ಕೈಯಿಂದ ಆ ನಂಬರ್ ಒತ್ತಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇಡೀ ಗಲ್ಲಿಗೆ ಕೇಳುವಂತೆ ಕೂಗುತ್ತಾರೆ.

"ಗೌಡ್ರೇ, ಗ್ರೌಂಡ್ ಹೆಂಗಿದೆ?"

"ಕೋಡಿ ಬಿದ್ದೈತೆ ಸಾಬ್ರೇ! ತುಂಬಿ ಹರೀತೈತೆ!"

"ಛೆ ಛೆ! ಎಂಥಾ ಅನ್ಯಾಯ ಗೌಡ್ರೇ!" ಎನ್ನುತ್ತಾರೆ ನಮ್ಮ ಮಾಮು, ಕಣ್ಣು ಒರೆಸಿಕೊಳ್ಳುತ್ತ.