ನಮ್ಮತ್ತೆಯೂ ಅವಳ ಸ್ಕ್ಯಾನರೂ

ನಮ್ಮ ಸೋದರತ್ತೆಯನ್ನು ಮಾತಿನಲ್ಲಿ ಗೆದ್ದವರು ನೆಲಮಂಗಲದಲ್ಲಿ ಒಬ್ಬರೂ ಇಲ್ಲ. ಒಂದು ಯಂತ್ರ ಗೆದ್ದಿದೆ. ಅದೂ ಅಂಗೈಯಗಲದ ಯಂತ್ರ!

ಅತ್ತೆಗೆ ತುಮಕೂರು ರಸ್ತೆಯ ಗೋದಾಮೊಂದರಲ್ಲಿ ಕೆಲಸ. ಜನ ಫೋನಿನಲ್ಲೇ ತರಿಸಿಕೊಳ್ಳುತ್ತಾರಲ್ಲ ಸೋಪು, ಚಪ್ಪಲಿ, ಕುಕ್ಕರು, ಅವನ್ನು ಹುಡುಕಿ ತೆಗೆದುಕೊಡಬೇಕು. ಮೊದಲು ಕಾಗದ ಹಿಡಿದು ಸಾಲು ಸಾಲು ಅಲೆಯಬೇಕಿತ್ತಂತೆ. ಈಗ ಕೈಗೊಂದು ಸ್ಕ್ಯಾನರ್ ಕೊಟ್ಟಿದ್ದಾರೆ. ಯಾವ ಸಾಲು, ಯಾವ ಖಾನೆ, ಎಲ್ಲ ಅದರ ಪರದೆಯೇ ಹೇಳುತ್ತದೆ. ಸರಿಯಾದ ಡಬ್ಬ ಹಿಡಿದರೆ ‘ಬೀಪ್’. ತಪ್ಪಾದರೆ ‘ಕೊಂಯ್’. ಅತ್ತೆಯ ಮುಖಕ್ಕೇ ‘ಕೊಂಯ್’ ಅನ್ನುವ ಧೈರ್ಯ ತೀರಿಕೊಂಡ ಮಾವನಿಗೂ ಬಂದಿರಲಿಲ್ಲ!

ಈಚೆಗೆ ಅವಳಿಗೆ ವಿಪರೀತ ಮಂಡಿನೋವು. ಕೆಲಸ ಬಿಡಿಸಿ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಕರೆತರಬೇಕೆಂದು ಅಪ್ಪನ ಹಟ. ಬಿಡುವುದಿಲ್ಲವೆಂದು ಅತ್ತೆಯ ಹಟ.

ಭಾನುವಾರ ಬಂದರೆ ಸ್ಕ್ಯಾನರನ್ನು ಗಂಟಲಲ್ಲೇ ಇಟ್ಟುಕೊಂಡು ಬರುತ್ತಾಳೆ. ಅಮ್ಮನ ಸಾರಿಗೆ ‘ಬೀಪ್’. ನನ್ನ ಹೊಸ ಅಂಗಿಗೆ ‘ಕೊಂಯ್’. ತಂಗಿಯನ್ನು ನೋಡಲು ಹೊಸಕೋಟೆಯಿಂದ ಗಂಡಿನವರು ಬಂದಿದ್ದರು. ಹುಡುಗ, “ನಂಗೆ ಯಾವ ಅಭ್ಯಾಸಾನೂ ಇಲ್ಲ” ಅಂದನೋ ಇಲ್ಲವೋ, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಅತ್ತೆಯಿಂದ ಉದ್ದಕ್ಕೆ ‘ಕೊಂಯ್ಯ್ಯ್!’ ತನ್ನ ಫೋನೇ ಇರಬೇಕೆಂದು ಅವನು ಜೇಬಿಗೆ ಕೈ ಹಾಕಿದ. ಗುಟ್ಕಾ ಪೊಟ್ಟಣ ಕೆಳಗೆ ಬಿತ್ತು. ಸಂಬಂಧವೂ ಅಲ್ಲಿಗೇ ಬಿತ್ತು!

ಆಯುಧಪೂಜೆಯ ದಿನ ಗೋದಾಮಿನಲ್ಲಿ ಸ್ಕ್ಯಾನರಿಗೂ ಪೂಜೆ ಮಾಡಿದಳು. ಅರಿಸಿನ, ಕುಂಕುಮ, ಮೇಲೊಂದು ಸೇವಂತಿಗೆ. ಅಂದು ಯಾವ ಡಬ್ಬ ಹಿಡಿದರೂ ‘ಬೀಪ್’ ಇಲ್ಲ, ಬರೀ ‘ಕೊಂಯ್’. ಸೂಪರ್‌ವೈಸರ್ ಓಡಿಬಂದ.

“ಅಮ್ಮಾ, ಅದರ ಕಣ್ಣಿಗೇ ಕುಂಕುಮ ಮೆತ್ತಿದ್ದೀರಲ್ಲ!”

“ಮತ್ತೆ ಹಣೆ ಎಲ್ಲೈತೆ? ತೋರ್ಸಪ್ಪ, ಅಲ್ಲಿಗೇ ಇಡ್ತೀನಿ.”

ಇಂಥವಳನ್ನು ಒಪ್ಪಿಸಿ ಕರೆತರಲು ಅಪ್ಪ ಕಳಿಸಿದ್ದು ಯಾರನ್ನು? ನನ್ನನ್ನು!

“ಬಿಟ್ಟು ಬಾ ಅತ್ತೆ. ಮನೇಲಿ ಆರಾಮಾಗಿರು.”

“ಆರಾಮಾಗಿದ್ದು ಏನ್ಲಾ ಮಾಡ್ಲಿ? ನಿಮ್ಮಮ್ಮನ ಸಾರಿಗೆ ದಿನಾ ಬೀಪ್ ಅನ್ಕೊಂಡ್ ಕೂತಿರ್ಲಾ?”

“ಮಂಡಿ ನೋಡ್ಕೊ. ಆ ಯಂತ್ರದಲ್ಲಿ ಅಂಥಾದ್ದೇನೈತೆ?”

ಅತ್ತೆ ಮಂಡಿಗೆ ಎಣ್ಣೆ ತಿಕ್ಕತೊಡಗಿದಳು.

“ನಿಮ್ಮಪ್ಪಂಗೆ ನಾನು ಅಕ್ಕ. ನಿಂಗೆ ಅತ್ತೆ. ಬೀದಿಯೋರಿಗೆ ಗೋಡೌನ್ ಆಂಟಿ. ನಿಮ್ಮಾವ ಒಬ್ರೇ ಕಣೋ, ಬೀದಿ ಕೊನೇಯಿಂದ್ಲೇ ನನ್ ಹೆಸ್ರು ಕೂಗ್ಕೊಂಡ್ ಬರ್ತಿದ್ದಿದ್ದು. ಅವ್ರು ಹೋದ್ಮೇಲೆ ಆ ಹೆಸ್ರು ಯಾರ ಬಾಯಲ್ಲೂ ಇಲ್ಲ. ಬೆಳಗ್ಗೆ ಆ ಸ್ಕ್ಯಾನರ್ ಆನ್ ಮಾಡಿದ್ರೆ ನಮಸ್ಕಾರ ಅಂತ ಹಾಕಿ, ಪಕ್ಕದಲ್ಲಿ ನನ್ ಹೆಸ್ರು ಬರುತ್ತೆ. ದಿನಾ ಬರುತ್ತೆ.”

ನಾನು ಒಬ್ಬನೇ ವಾಪಸು ಬಂದೆ. ಅಪ್ಪನಿಗೆ ವಿಷಯ ಹೇಳಿದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಮರುದಿನ ಬೆಳಿಗ್ಗೆ, ಅವಳು ಗೋದಾಮಿನ ಬಸ್ಸಿಗೆ ಕಾಯುವ ಹೊತ್ತಿಗೆ ಸರಿಯಾಗಿ ಫೋನ್ ಮಾಡಿದೆ. ಅತ್ತೆ ಅನ್ನಲಿಲ್ಲ. ಎದೆ ಗಟ್ಟಿಮಾಡಿಕೊಂಡು ಹೆಸರು ಹಿಡಿದೇ ಕರೆದೆ.

“ಥೂ ನಿನ್ನ! ದೊಡ್ಡೋರ್ನ ಹೆಸ್ರಿಡ್ದು ಕರೀತಾರೇನ್ಲಾ?”

ಆಮೇಲೆ ಲಾರಿಗಳ ಹಾರನ್ ಮಾತ್ರ ಕೇಳುತ್ತಿತ್ತು.

“ಇನ್ನೊಂದ್ಸಲ ಕರಿ, ನೋಡಾನ.”